ಯಜ್ಞ ಮಾಸ್ಟ್ರ ಚರ್ಚಾ ಪಾಠ

ಶೃಂಗೇರಿ
೩ ಜೂನ್ ೨೦೨೪

ಸುಮಾ,

ಮೂರು ಸಲ ಫೋನ್ ಮಾಡಿದೆ. ರಮ್ಯ ಅಂತ ಹೆಸರು ಹೇಳಿದ ಕೂಡಲೇ ನೀನು ಇಟ್ಟುಬಿಟ್ಟೆ. ನಾಲ್ಕನೇ ಸಲ ಕರೆಯೇ ಹೋಗಲಿಲ್ಲ. ಅದಕ್ಕೇ ಈ ಕಾಗದ. ನಿನ್ನ ಎನ್.ಆರ್. ಪುರದ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಹರಿಯುವುದಿದ್ದರೂ ಓದಿ ಹರಿ.

ನಾನೂ ಈಗ ಗಣಿತದ ಟೀಚರು, ನಮ್ಮದೇ ಸಿಸ್ಟರುಗಳ ಮಂಡಳಿಯ ಶೃಂಗೇರಿ ಶಾಲೆಯಲ್ಲಿ. ಈ ವರ್ಷ ಮಂಡಳಿಯವರು ತಂದಿರುವ ಚರ್ಚಾ ಪಾಠದ ಸುತ್ತೋಲೆ ನಮಗೂ ಬಂತು. ಇನ್ನು ಮೇಲೆ ಗಣಿತದಲ್ಲಿ ಟೀಚರು ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ತೋರಿಸುವಂತಿಲ್ಲ, ಮಕ್ಕಳೇ ತಮ್ಮ ದಾರಿ ಹೇಳಬೇಕು, ಉಳಿದವರು ಯಾಕೆ ಅಂತ ಕೇಳಬೇಕು. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ಊರಿನ ಶಾಲೆಗಳಿಗೆ ಹೋಗಿ ತರಗತಿ ನೋಡಿ ವರದಿ ಕೊಡುವವರ ಜಾಗದಲ್ಲಿ ನಿನ್ನ ಹೆಸರಿದೆ.

ಅಪ್ಪ ಇನ್ನೂ ಕೊಪ್ಪದ ಸಂತ ಬಾರ್ಬರಾ ಶಾಲೆಯಲ್ಲೇ ಇದ್ದಾರೆ, ಅದೇ ಎಂಟನೇ ತರಗತಿ. ಆಗಸ್ಟ್ ಕೊನೆಗೆ ಅರವತ್ತು ತುಂಬುತ್ತದೆ. ನಿನ್ನ ವರದಿ ಚೆನ್ನಾಗಿದ್ದರೆ ಇನ್ನೆರಡು ವರ್ಷ ಮುಂದುವರಿಸುತ್ತೇವೆ ಅಂತ ಹೆಡ್ ಮಿಸ್ಟ್ರೆಸ್ ಸಿಸ್ಟರ್ ಐರಿನ್ ಹೇಳಿದ್ದಾರಂತೆ. ದುಡ್ಡಿನ ಮಾತಲ್ಲ, ನಮಗೆ ತೋಟ ಇದೆ. ಆದರೆ ಅವರಿಗೆ ತರಗತಿ ಬಿಟ್ಟರೆ ಬೇರೆ ಲೋಕ ಇಲ್ಲ. ರಜೆಯಲ್ಲಿ ಮನೆಯ ಆಳುಗಳಿಗೂ ಮಗ್ಗಿ ಕೇಳುವ ಮನುಷ್ಯ.

ಚರ್ಚಾ ಪಾಠ ಅಂದರೆ ಅವರಿಗೆ ಮೈಯೆಲ್ಲ ಉರಿ. "ಎರಡೆರಡ್ಲಿ ನಾಲ್ಕು ಅಂಬುದಕ್ಕೆ ಎಂತ ಚರ್ಚೆ ಕೂಸೇ? ಪಂಚಾಯ್ತಿ ಸೇರ್ಸ್ಬೇಕಾ?" ಅನ್ನುತ್ತಾರೆ. ಯೇಸುಸ್ವಾಮಿಯೂ ಪ್ರಶ್ನೆ ಕೇಳಿಯೇ ಕಲಿಸಿದ್ದು ಅಂತ ಸಿಸ್ಟರ್ ಹೇಳಿದ್ದಕ್ಕೆ, "ಅವ್ರು ಬೀಜಗಣಿತ ಮಾಡ್ಲಿಲ್ಲ ಸಿಸ್ಟರ್" ಅಂದುಬಿಟ್ಟರಂತೆ.

ಸ್ವಲ್ಪ ಕೈ ಸಡಿಲ ಬಿಟ್ಟು ನೋಡು ಸುಮಾ. ಹಳೆಯದು ಏನಾದರೂ ಮನಸ್ಸಿನಲ್ಲಿದ್ದರೆ ಬಿಟ್ಟುಬಿಡು.

ನಿನ್ನ ಉತ್ತರ ಕಾಯುವ
ರಮ್ಯ


ನರಸಿಂಹರಾಜಪುರ
೧೦ ಜೂನ್ ೨೦೨೪

ರಮ್ಯ,

"ಹಳೆಯದು ಏನಾದರೂ" ಅಂತ ಬರೆದಿದ್ದೀಯ. ಏನು ಅಂತ ಗೊತ್ತಿಲ್ಲದವಳ ಹಾಗೆ. ಸರಿ, ನಾನೇ ಹೇಳುತ್ತೇನೆ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಕಾಗದದಲ್ಲಿದ್ದರೆ ಆಮೇಲೆ ಇಲ್ಲ ಅನ್ನಲಾಗುವುದಿಲ್ಲ.

೨೦೦೩, ಎಂಟನೇ ತರಗತಿ, ಅರ್ಧವಾರ್ಷಿಕ ಪರೀಕ್ಷೆ. ಆರು ಸೇರು ಅಕ್ಕಿಯನ್ನು ಮುಕ್ಕಾಲು ಸೇರಿನ ಪಾತ್ರೆಯಲ್ಲಿ ಅಳೆದರೆ ಎಷ್ಟು ಪಾತ್ರೆ ಆಗುತ್ತದೆ? ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಬೇಕು ಅನ್ನುವ ನಿನ್ನ ಅಪ್ಪನ ಸೂತ್ರ ನನಗೆ ನೆನಪಿಗೆ ಬರಲಿಲ್ಲ. ಅಮ್ಮ ನಮ್ಮೂರು ನಾರ್ವೆಯಲ್ಲಿ ಒಡೆಯರ ಮನೆಯ ಭತ್ತ ಅಳೆಯುತ್ತಿದ್ದದ್ದು ನೆನಪಾಯಿತು. ಪಾತ್ರೆ ಬರೆದೆ. ಪ್ರತಿ ಪಾತ್ರೆಯಲ್ಲಿ ಕಾಲು ಸೇರಿಗೊಂದರಂತೆ ಮೂರು ಗೀಟು ಹಾಕುತ್ತಾ ಹೋದೆ. ಆರು ಸೇರು ಮುಗಿದಾಗ ಎಂಟು ಪಾತ್ರೆ ಆಗಿತ್ತು. ಮೊದಲನೇ ಪಾತ್ರೆಯ ಕೆಳಗೆ "ಲಾಭ" ಅಂತ ಬರೆದಿದ್ದೆ, ಯಾಕೆಂದರೆ ಅಳೆಯುವಾಗ ಯಾರೂ ಒಂದು ಅನ್ನುವುದಿಲ್ಲ, ಲಾಭ, ಎರಡು, ಮೂರು ಅಂತಲೇ ಎಣಿಸುವುದು. ಎಲ್ಲ ಮನೆಯಲ್ಲೂ ಹಾಗೇ ಅಂದುಕೊಂಡಿದ್ದೆ.

ನಿನ್ನ ಅಪ್ಪ ಯಜ್ಞ ಮಾಸ್ಟ್ರು ಆ ಪೇಪರನ್ನು ಎತ್ತಿ ಹಿಡಿದು ತರಗತಿಗೆಲ್ಲ ತೋರಿಸಿದರು. "ಇಲ್ಲಿ ನೋಡಿ, ಅಂಗಡಿ ಇಟ್ಟಿದ್ದಾಳೆ. ಲಾಭ ಬರ್ದಿದ್ದಾಳೆ, ನಷ್ಟ ಎಲ್ಲಿ?" ಅಂದರು. ನಲವತ್ತು ಮಕ್ಕಳು ನಕ್ಕರು. ಅಷ್ಟೇ ಆಗಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ಆಮೇಲೆ ಅವರು, ಸೂತ್ರ ಇಲ್ಲದೆ ಉತ್ತರ ಸರಿ ಬರುವುದು ಹೇಗೆ ಅಂತ ಕೇಳಿದರು. ಪಕ್ಕದಲ್ಲಿ ಕೂತಿದ್ದ ನಿನ್ನನ್ನು ನಿಲ್ಲಿಸಿದರು. "ಇವಳು ನಿನ್ನ ಪೇಪರ್ ನೋಡಿದ್ಲಾ?" ನೀನು ಹೌದು ಅಂತ ತಲೆ ಆಡಿಸಿದೆ.

ಮರುದಿನ ಅಮ್ಮ ತೋಟದ ಕೆಲಸ ಬಿಟ್ಟು ಬಂದು ಆಫೀಸಿನಲ್ಲಿ ನಿಂತಳು. ಮಗಳು ನಕಲು ಮಾಡಿದ್ದು ನಿಜ ಅಂತ ಬರೆದ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ನನ್ನದು ಸಿಸ್ಟರುಗಳು ಕೊಟ್ಟಿದ್ದ ಫ್ರೀ ಸೀಟು, ನಕಲು ಮಾಡಿದವರಿಗೆ ಅದು ಇಲ್ಲ. ಸೀಟು ಹೋಯಿತು. ಆ ಸುಗ್ಗಿಯಿಂದ ಆಕೆ ಭತ್ತ ಅಳೆಯುವಾಗ ಲಾಭ ಅನ್ನುವುದನ್ನು ಬಿಟ್ಟಳು. ಒಂದು ಅಂತ ಶುರು ಮಾಡಿದಳು. ಅದನ್ನು ಕೇಳಿದ ದಿನ ನಾನು ಕೊಟ್ಟಿಗೆಯ ಹಿಂದೆ ಹೋಗಿ ಅತ್ತೆ, ಅಲ್ಲೇ ಹಲ್ಲು ಕಚ್ಚಿ, ಇದಕ್ಕೆ ಒಂದು ದಿನ ಲೆಕ್ಕ ಕೇಳುತ್ತೇನೆ ಅಂದುಕೊಂಡೆ.

ಬೆಳಗಿನ ಪ್ರಾರ್ಥನೆಯಲ್ಲಿ ನಾವೆಲ್ಲ ಹೇಳುತ್ತಿದ್ದೆವಲ್ಲ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಅಂತ. ಈಗ ಟೀಚರಾಗಿ ದಿನಾ ಮಕ್ಕಳ ಜೊತೆ ನಿಲ್ಲುತ್ತೇನೆ. ಆ ಸಾಲು ಬಂದಾಗ ಬಾಯಿ ಮುಚ್ಚಿಕೊಳ್ಳುತ್ತೇನೆ. ದೇವರಿಗೆ ಸುಳ್ಳು ಹೇಳುವುದು ಬೇಡ ಅಂತ. ಬೇರೆ ಕಡೆ ಕೆಲಸ ಸಿಕ್ಕಿತ್ತು, ಇದೇ ಮಂಡಳಿಗೆ ಸೇರಿದೆ. ಒಂದು ದಿನ ಕೊಪ್ಪದ ಆ ಕೊಠಡಿಗೆ ಹೋಗಲೇಬೇಕಿತ್ತು.

ಭಯ ಬೇಡ, ನಿನ್ನ ಅಪ್ಪನಿಗೆ ನಾನು ಒಂದು ಕೆಟ್ಟ ಮಾತೂ ಆಡುವುದಿಲ್ಲ. ಚರ್ಚಾ ಪಾಠದ ನಿಯಮ ಸುತ್ತೋಲೆಯಲ್ಲೇ ಇದೆ: ಹೇಳಿದವರು ಕಾರಣ ಹೇಳಬೇಕು, ಟೀಚರಾದರೂ ಸರಿ. ನಾನು ಒಂದು ವಾರ ಮುಂಚೆ ಹೋಗಿ ಮಕ್ಕಳಿಗೆ ಯಾಕೆ ಅಂತ ಕೇಳುವುದನ್ನು ಅಭ್ಯಾಸ ಮಾಡಿಸುತ್ತೇನೆ. ಸೂತ್ರ ಒಂದನ್ನೇ ಮೂವತ್ತೈದು ವರ್ಷ ಉರು ಹೊಡೆಸಿದ ಮನುಷ್ಯ ಮೂರನೇ "ಯಾಕೆ"ಗೆ ಏನು ಹೇಳುತ್ತಾರೆ ನೋಡೋಣ. ಮಕ್ಕಳು ನಗಲಿ. ನಾನು ಹಿಂದೆ ಕೂತು ಬರೆದುಕೊಳ್ಳುತ್ತೇನೆ. ವರದಿಯಲ್ಲಿ ಒಂದೇ ಸಾಲು ಸಾಕು, ಇವರಿಗೆ ಈ ಪದ್ಧತಿ ಒಗ್ಗುವುದಿಲ್ಲ. ಉಪ್ಪು ತಿಂದವರು ನೀರು ಕುಡಿಯಲಿ.

ನಿನ್ನ ಮೇಲೆ ಅಷ್ಟು ಸಿಟ್ಟಿಲ್ಲ. ಅಪ್ಪನ ಹೆದರಿಕೆಗೆ ತಲೆ ಆಡಿಸಿದೆ ಅಂತ ಅಂದುಕೊಂಡಿದ್ದೇನೆ. ಹೌದು ತಾನೇ?

ಸುಮಲತಾ


ಶೃಂಗೇರಿ
೨೪ ಜೂನ್ ೨೦೨೪

ಸುಮಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ನಿನ್ನ ಅಮ್ಮನ ಹೆಬ್ಬೆಟ್ಟಿನ ವಿಷಯ ನನಗೆ ಗೊತ್ತಿರಲಿಲ್ಲ. ನಿಜವಾಗಿ ಗೊತ್ತಿರಲಿಲ್ಲ. ಫ್ರೀ ಸೀಟು ಹೋದದ್ದು ಗೊತ್ತಿತ್ತು. ನಿನ್ನನ್ನು ಸರ್ಕಾರಿ ಶಾಲೆಗೆ ಹಾಕಿದರು ಅಂತ ಅಪ್ಪ ಊಟಕ್ಕೆ ಕೂತಾಗ ಹೇಳಿದ್ದರು. ನಾನಾಗ ಹದಿಮೂರು ವರ್ಷದವಳು, ಆ ವಯಸ್ಸಿಗೆ ಏನು ತಿಳಿಯುತ್ತದೆ ಹೇಳು.

ನೀನು ತರಗತಿ ನೋಡಲು ಬರುವವಳು ಅಂತ ಅಪ್ಪನಿಗೆ ಹೇಳಿಲ್ಲ. "ಎನ್.ಆರ್. ಪುರದಿಂದ ಯಾರೋ ಮೇಡಮ್ಮು" ಅಂತಷ್ಟೇ ಅವರಿಗೆ ಗೊತ್ತು. ಹೇಳಿದರೆ ಅವರು ಆವತ್ತೇ ರಾಜೀನಾಮೆ ಕೊಟ್ಟು ಮನೆಗೆ ಬರುತ್ತಾರೆ, ಅಷ್ಟು ಹಟ.

ಆದರೆ ಅವರು ಪ್ರಯತ್ನ ಮಾಡುತ್ತಿದ್ದಾರೆ. ಭಾನುವಾರ ಕೊಪ್ಪದಿಂದ ಬೆಳಗಿನ ಬಸ್ಸಿಗೆ ಬರುತ್ತಾರೆ. ನನ್ನನ್ನೂ ನನ್ನ ಅತ್ತೆಯನ್ನೂ ಜಗಲಿಯಲ್ಲಿ ಕೂರಿಸಿ ಚರ್ಚಾ ಪಾಠ ಮಾಡುತ್ತಾರೆ. ಅತ್ತೆಗೆ ಲೆಕ್ಕ ಬರುವುದಿಲ್ಲ, ಆದರೆ ಯಾಕೆ ಅಂತ ಕೇಳಲು ಚೆನ್ನಾಗಿ ಬರುತ್ತದೆ. ಹೋದ ವಾರ ಅಪ್ಪನಿಗೆ ಸಿಟ್ಟು ಬಂದು ಚಾಕ್ ಬಿಸಾಡಿದರು. ಆಮೇಲೆ ತಾವೇ ಹೆಕ್ಕಿಕೊಂಡು, "ಹೌದಲ್ದಾ, ಯಾಕೆ?" ಅಂತ ಕೂತರು. ಈ ವಯಸ್ಸಿಗೆ ಅವರನ್ನು ಹಾಗೆ ನೋಡಿ ನನಗೆ ಕಣ್ಣು ತುಂಬಿತು.

ನೀನು ಭಾಗಾಕಾರದ ಲೆಕ್ಕವನ್ನೇ ಕೇಳಿಸುತ್ತೀಯ ಅಂತ ನನಗೆ ಗೊತ್ತು. ಅದಕ್ಕೆ ಕಾರಣ ಏನು ಅಂತ ಅವರಿಗೆ ಹೇಳಿಕೊಟ್ಟಿದ್ದೇನೆ. ಮೋಸ ಅನ್ನಬೇಡ, ಕಲಿಯುವುದು ಮೋಸ ಅಲ್ಲ.

ನೀನು ಕೊನೆಗೆ ಕೇಳಿದ್ದಕ್ಕೆ ಏನು ಹೇಳಲಿ. ಹೆದರಿಕೆ ಇತ್ತು, ಇಲ್ಲ ಅನ್ನುವುದಿಲ್ಲ.

ರಮ್ಯ


ನರಸಿಂಹರಾಜಪುರ
೭ ಆಗಸ್ಟ್ ೨೦೨೪

ರಮ್ಯ,

ಮಳೆಗೆ ರಜೆ ಕೊಟ್ಟು ಕೊಟ್ಟು ಎರಡು ಸಲ ಮುಂದೆ ಹೋದ ತರಗತಿ ನಿನ್ನೆ ನಡೆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸಾವಧಾನವಾಗಿ ಓದು, ಇದರಲ್ಲಿ ನೀನೂ ಇದ್ದೀಯ.

ಹೋದ ವಾರ ಮಕ್ಕಳಿಗೆ ಅಭ್ಯಾಸ ಮಾಡಿಸಲು ಹೋದಾಗ ನಿನ್ನ ಅಪ್ಪ ಎದುರಿಗೆ ಸಿಕ್ಕಿರಲಿಲ್ಲ. ನಿನ್ನೆ ನೋಡಿಯೂ ನನ್ನ ಗುರುತು ಹಿಡಿಯಲಿಲ್ಲ. "ಬನ್ನಿ ಮೇಡಂ, ಕೂತ್ಕಳಿ" ಅಂತ ಹಿಂದಿನ ಬೆಂಚು ತೋರಿಸಿದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಸ್ವರ ಅದೇ. ಆ ಸ್ವರ ಕೇಳಿ ಎಂಟನೇ ತರಗತಿಯವಳ ಹಾಗೆ ಕೈಕಟ್ಟಿ ಕೂತದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಬೋರ್ಡಿನ ಮೇಲೆ ನಾನು ಕೊಟ್ಟ ಅದೇ ಲೆಕ್ಕ ಬರೆದರು. ಆರು ಭಾಗಿಸು ಮುಕ್ಕಾಲು. ಮಕ್ಕಳು ತಲೆಕೆಳಗು ಮಾಡಿ ಎಂಟು ಅಂದರು. ಬಸರೀಕಟ್ಟೆಯ ರೇಖಾ ಅನ್ನುವ ಹುಡುಗಿ ಎದ್ದು ನಿಂತು, ತಲೆಕೆಳಗು ಮಾಡುವುದು ಯಾಕೆ ಅಂತ ಕೇಳಿದಳು. ನಾನು ಪೆನ್ನು ತೆರೆದೆ. ನೀನು ಹೇಳಿಕೊಟ್ಟದ್ದನ್ನು ಅವರು ಚೆನ್ನಾಗಿ ಹೇಳಿದರು. ಮುಕ್ಕಾಲು ಅಂದರೆ ಮೂರು ಕಾಲು, ಆರು ಸೇರಿನಲ್ಲಿ ಇಪ್ಪತ್ತನಾಲ್ಕು ಕಾಲು, ಮೂರು ಮೂರರಂತೆ ತೆಗೆದರೆ ಎಂಟು. ರೇಖಾ ಕೂರಲಿಲ್ಲ.

"ಇಷ್ಟು ಸುಲಭ ಇದ್ರೆ ಮೊದ್ಲೇ ಹೀಗೆ ಯಾಕೆ ಹೇಳ್ಕೊಡ್ಲಿಲ್ಲ ಸರ್?"

ಅವರು ಚಾಕನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡರು. "ನಂಗೇ ಗೊತ್ತಿರ್ಲಿಲ್ಲ. ಹಿಂದೊಬ್ಳು ಹುಡುಗಿ ಪಾತ್ರೆ ಬರೆದು ಹೀಗೇ ಮಾಡಿದ್ಲು. ಸೊನ್ನೆ ಹಾಕಿದ್ದೆ."

"ಯಾಕೆ?" ಈ ಸಲ ಮೂರು ನಾಲ್ಕು ಮಕ್ಕಳು ಒಟ್ಟಿಗೇ ಕೇಳಿದರು.

"ನಕಲು ಮಾಡಿದ್ಲು. ನನ್ನ ಮಗಳ ಪೇಪರ್ ನೋಡಿ."

ಇನ್ನೂ ಅದನ್ನೇ ಹೇಳುತ್ತಿದ್ದಾರಲ್ಲ ಅಂತ ಎದ್ದು ನಿಂತು ಕೂಗಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ರೇಖಾ, "ನಿಮ್ಮ ಮಗಳ ಪೇಪರಲ್ಲೂ ಪಾತ್ರೆ ಇತ್ತಾ ಸರ್?" ಅಂದಳು.

"ಇಲ್ಲ. ಅವ್ಳು ಸೂತ್ರದಲ್ಲಿ ಮಾಡಿದ್ದು."

"ಹಂಗಾರೆ ಪಾತ್ರೆ ಯಾರದ್ದು ನೋಡಿ ಬರೆದ್ರು?"

ತರಗತಿ ಎರಡು ಪಂಗಡವಾಯಿತು. ಉತ್ತರ ಮಾತ್ರ ನೋಡಿ ಪಾತ್ರೆ ಆಮೇಲೆ ಬರೆದಿರಬಹುದು ಅಂತ ಒಂದು ಕಡೆಯವರು. ಪಾತ್ರೆ ಬರೆಯಲು ಗೊತ್ತಿದ್ದವರು ಉತ್ತರ ಯಾಕೆ ನೋಡಬೇಕು ಅಂತ ಇನ್ನೊಂದು ಕಡೆಯವರು. ನಿನ್ನ ಅಪ್ಪ ಸುಮ್ಮನಿರಿ ಅನ್ನಲಿಲ್ಲ. ನಾನೂ ಏನೂ ಬರೆದುಕೊಳ್ಳಲಿಲ್ಲ. ಕೊನೆಗೆ ವಿಘ್ನೇಶ ಅನ್ನುವ ಹುಡುಗ, "ಸರ್, ಮಗಳು ಹೆಂಗೆ ಮಾಡಿದ್ರು ಬರೆದು ತೋರ್ಸಿ, ಆಗ ಗೊತ್ತಾಗ್ತದೆ" ಅಂದ.

ಅವರು ತಿರುಗಿ ಬರೆಯಲು ಶುರು ಮಾಡಿದರು. ಮುಕ್ಕಾಲನ್ನು ತಲೆಕೆಳಗು ಮಾಡುವ ಬದಲು ನೀನು ಆರನ್ನು ತಲೆಕೆಳಗು ಮಾಡಿದ್ದೆಯಂತೆ. ಆರರಲ್ಲಿ ಒಂದು, ಗುಣಿಸು ಮುಕ್ಕಾಲು. ಬಂದದ್ದು ಎಂಟರಲ್ಲಿ ಒಂದು. ಅದರ ಕೆಳಗಿನ ಸಾಲು: ಉತ್ತರ ಎಂಟು. ಅಲ್ಲಿಗೆ ಅವರ ಕೈ ನಿಂತಿತು.

"ಎಂಟನೇ ಒಂದು ಬಂದ್ರೆ ಎಂಟು ಎಲ್ಲಿಂದ ಬಂತು ಸರ್?" ರೇಖಾಳ ಸ್ವರ ಈಗ ಸಣ್ಣದಾಗಿತ್ತು.

"ಪಕ್ಕದ ಪೇಪರಿಂದ" ಅಂದರು ನಿನ್ನ ಅಪ್ಪ. "ಆವತ್ತೂ ಇದು ನನ್ನ ಕಣ್ಣಿಗೆ ಬಿದ್ದಿತ್ತು. ಕೈತಪ್ಪು ಅಂತ ಪೂರ್ತಿ ಮಾರ್ಕ್ಸ್ ಕೊಟ್ಟೆ. ನನ್ನ ಸರ್ವಿಸಿನಲ್ಲಿ ಹಾಗೆ ಕೊಟ್ಟದ್ದು ಅದೊಂದೇ, ಅದ್ಕೇ ಮರ್ತಿಲ್ಲ."

"ಯಾಕೆ ಕೊಟ್ರಿ ಸರ್?"

"ಮಗಳಲ್ದಾ ಮಾರಾಯ್ತಿ."

ಯಾರೂ ನಗಲಿಲ್ಲ. ನಗುತ್ತಾರೆ ಅಂತಲೇ ನಾನು ಇಪ್ಪತ್ತೊಂದು ವರ್ಷ ಕಾದಿದ್ದೆ. ಬೆಲ್ಲು ಹೊಡೆಯಿತು. ಬಾಗಿಲಲ್ಲಿ ಅವರು, "ಮೇಡಂ ಯಾವೂರಿನವ್ರು?" ಅಂತ ಕೇಳಿದರು. ನಾರ್ವೆ ಅಂದೆ. ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಕಮಲಕ್ಕನ ಮಗಳಾ?" ಅಂದರು. ಹೌದು ಅಂದೆ. ಕೈ ಮುಗಿಯಲು ಬಂದಿದ್ದರೆ ನಾನು ತಿರುಗಿ ನೋಡದೆ ಹೊರಟುಬಿಡುತ್ತಿದ್ದೆ, ಅವರು ಮುಗಿಯಲಿಲ್ಲ. ಬೋರ್ಡ್ ಒರೆಸಬೇಡಿ ಅಂತ ಮಕ್ಕಳಿಗೆ ಹೇಳಿ ಸ್ಟಾಫ್ ರೂಮಿಗೆ ಹೋದರು.

ರಮ್ಯ, ಇಷ್ಟು ವರ್ಷ ನಾನು ದ್ವೇಷಿಸಿದ್ದು ಅರ್ಧ ಮನುಷ್ಯನನ್ನು. ಉಳಿದರ್ಧ ನನ್ನ ಬೆಂಚಿನಲ್ಲೇ ಕೂತಿತ್ತು, ನನ್ನ ಡಬ್ಬಿಯ ಕಡುಬು ತಿಂದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಾದರೂ ಪರವಾಗಿಲ್ಲ. ನೀನು ಕಾಯಿ ಕದ್ದು ನನ್ನ ಹೆಗಲಿಗೆ ಬೂದಿ ಬಳಿದವಳು.

ವರದಿ ಇನ್ನೂ ಬರೆದಿಲ್ಲ. ಮೊದಲು ನೀನು ಬರೆ.

ಸುಮಲತಾ


ಶೃಂಗೇರಿ
೧೩ ಆಗಸ್ಟ್ ೨೦೨೪

ಸುಮಾ,

ಹೌದು. ನಿನ್ನ ಪೇಪರಿನಲ್ಲಿ ಎಂಟು ಪಾತ್ರೆ ಇದ್ದದ್ದನ್ನು ನಾನೇ ನೋಡಿದೆ. ನನಗೆ ಬಂದದ್ದು ತಪ್ಪು ಅಂತ ನನಗೆ ಗೊತ್ತಾಗಿತ್ತು, ಒಂದು ಪಾತ್ರೆಗೂ ಕಡಿಮೆ ಬರಲು ಹೇಗೆ ಸಾಧ್ಯ. ತಿದ್ದಲು ಹೊತ್ತಿರಲಿಲ್ಲ. ಕೆಳಗೆ ಎಂಟು ಅಂತ ಬರೆದೆ. ಗಣಿತದ ಮಾಸ್ಟ್ರ ಮಗಳಿಗೆ ಗಣಿತ ತಪ್ಪಬಾರದು ಅನ್ನುವುದು ನಮ್ಮ ಮನೆಯ ವೇದ. ಅಪ್ಪ ನನ್ನನ್ನು ನಿಲ್ಲಿಸಿ ಕೇಳಿದಾಗ, ಅವರಿಗೆ ನನ್ನ ಕಳ್ಳತನ ಗೊತ್ತಾಗಿದೆ, ತಪ್ಪಿಸಿಕೊಳ್ಳಲು ದಾರಿ ಕೊಡುತ್ತಿದ್ದಾರೆ ಅನ್ನಿಸಿತು. ತಲೆ ಆಡಿಸಿದೆ. ಹೆದರಿಕೆ ಅಂತ ಬರೆದದ್ದು ಅರ್ಧ ಸುಳ್ಳು. ನೀನು ಯಾವಾಗಲೂ ನನಗಿಂತ ಬೇಗ ಲೆಕ್ಕ ಮಾಡುತ್ತಿದ್ದೆ, ಸುಮಾ. ನೀನು ಹೋದ ಮೇಲೆ ನಾನೇ ಮೊದಲಿಗಳಾದೆ. ಅದು ನನಗೆ ಬೇಕಿತ್ತು.

ಅಪ್ಪ ಈ ಭಾನುವಾರ ಬರಲಿಲ್ಲ. ಫೋನ್ ಮಾಡಿದರೆ ಎತ್ತುತ್ತಾರೆ, ಊಟ ಆಯ್ತಾ ಅನ್ನುತ್ತಾರೆ, ಆ ವಿಷಯ ಎತ್ತುವುದಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನನಗೆ ನೀನು ಏನು ಬೇಕಾದರೂ ಮಾಡು. ಸಿಸ್ಟರಿಗೆ ಹೇಳು, ಊರಿಗೆಲ್ಲ ಹೇಳು, ನಾನು ಇಲ್ಲ ಅನ್ನುವುದಿಲ್ಲ. ಆದರೆ ನಾನು ಮಾಡಿದ್ದಕ್ಕೆ ಅವರ ತರಗತಿ ಕಿತ್ತುಕೊಳ್ಳಬೇಡ. ಎರಡು ವರ್ಷ ಕೊಡಿಸು. ಅದೊಂದೇ ಕೇಳುತ್ತೇನೆ, ಎಲ್ಲಿಯಾದರೂ ಸರಿ, ಒಂದು ತರಗತಿ.

ಕ್ಷಮಿಸು ಅಂತ ಬರೆಯಲು ಮುಖವಿಲ್ಲದ
ರಮ್ಯ


ನರಸಿಂಹರಾಜಪುರ
೧೯ ಆಗಸ್ಟ್ ೨೦೨೪

ರಮ್ಯ,

ನಿನ್ನ ಕಾಗದ ಹಿಡಿದು ನಾರ್ವೆಗೆ ಹೋಗಿ ಅಮ್ಮನಿಗೆ ಓದಿ ಹೇಳಿದೆ. ಆಕೆ ಅಡಿಕೆ ಹಾಳೆ ಒಪ್ಪ ಮಾಡುತ್ತಾ ಕೂತಿದ್ದಳು. ಪೂರ್ತಿ ಕೇಳಿ, "ಆ ಹುಡ್ಗಿ ನಮ್ಮನೆಗೆ ಬಂದು ಮಜ್ಜಿಗೆ ಕುಡಿದು ಹೋಗಿತ್ತಲ್ಲ ಮಗಾ" ಅಂದಳು. ಆಮೇಲೆ, "ಹೋಗ್ಲಿ ಬಿಡು, ಎಂಥ ಮಾಡ್ತೀಯ ಈಗ ಕೆದಕಿ" ಅಂದಳು. ಅಮ್ಮ ಬಿಟ್ಟಾಳು. ನನಗೆ ಆಕೆಯ ಗುಣ ಬಂದಿಲ್ಲ.

ವರದಿ ಕಳಿಸಿದ್ದೇನೆ. ನಾನು ಈವರೆಗೆ ನೋಡಿದ ಚರ್ಚಾ ಪಾಠಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ಬರೆದೆ. ಸುಳ್ಳಲ್ಲ. ಮಕ್ಕಳ ಪ್ರಶ್ನೆಗೆ ತನ್ನ ಮಾನ ಕೊಟ್ಟು ಉತ್ತರ ಹೇಳಿದ ಮಾಸ್ಟ್ರನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೀಗೆ ಬರೆಯಲು ನನಗೆ ಎಷ್ಟು ಕಷ್ಟವಾಯಿತು ಅಂತ ನಿನಗೆ ತಿಳಿಯಲಿ ಎಂದು ಹೇಳುತ್ತಿದ್ದೇನೆ, ನಾಲ್ಕು ಹಾಳೆ ಹರಿದೆ. ಎರಡು ವರ್ಷ ಮುಂದುವರಿಸಬೇಕು ಅಂತಲೂ ಶಿಫಾರಸು ಮಾಡಿದೆ. ಸಿಸ್ಟರ್ ಐರಿನ್ ಮೊನ್ನೆಯೇ ಒಪ್ಪಿಗೆ ತರಿಸಿದರು. ನೀನು ಕೇಳಿದ್ದು ನಿನಗೆ ಸಿಕ್ಕಿತು.

ಶಿಫಾರಸಿನಲ್ಲಿ ಇನ್ನೊಂದು ಸಾಲು ಇದೆ. ಇಂಥ ಅನುಭವಿಯನ್ನು ಕೊಪ್ಪದಲ್ಲೇ ಇಟ್ಟುಕೊಳ್ಳುವ ಬದಲು, ಈ ಪದ್ಧತಿಯಲ್ಲಿ ಇನ್ನೂ ಪಳಗದ ಟೀಚರುಗಳ ತರಗತಿಯಲ್ಲಿ ದಿನವೂ ಕೂರಿಸಿ ಪ್ರಶ್ನೆ ಕೇಳಿಸಬೇಕು ಅಂತ. ಮೊದಲಿಗೆ ಶೃಂಗೇರಿ ಶಾಲೆ, ಎಂಟನೇ ತರಗತಿ. ಟೀಚರ ಹೆಸರು ನಾನೇ ಬರೆದೆ. ಎಲ್ಲಿಯಾದರೂ ಸರಿ, ಒಂದು ತರಗತಿ ಅಂದಿದ್ದೆಯಲ್ಲ. ನಿನ್ನದೇ ಕೊಡಿಸಿದ್ದೇನೆ. ದಿನಕ್ಕೆ ನಲವತ್ತು ನಿಮಿಷ, ಎರಡು ವರ್ಷ. ನೀನು ಬೋರ್ಡಿನ ಮೇಲೆ ಬರೆಯುವ ಪ್ರತಿ ಸಾಲನ್ನೂ ಅವರು ನೋಡುತ್ತಿರುತ್ತಾರೆ. ಯಾಕೆ ಅಂತ ಯಾವ ದಿನ ಕೇಳುತ್ತಾರೋ, ಯಾವ ಲೆಕ್ಕದ ನಡುವೆ ಕೇಳುತ್ತಾರೋ, ಅದು ಅವರಿಗೆ ಬಿಟ್ಟದ್ದು. ಊರಿಗೆ ಹೇಳು ಅಂದೆ ನೀನು. ಊರಿಗೆ ಹೇಳಿದರೆ ಒಂದು ವಾರಕ್ಕೆ ಮುಗಿಯುತ್ತದೆ.

ಇದನ್ನು ಶುಕ್ರವಾರ ಅವರಿಗೆ ಓದಿ ಹೇಳಿದೆ. ಬೇಡ ಅಂದಾರು ಅಂದುಕೊಂಡಿದ್ದೆ. ಪೂರ್ತಿ ಕೇಳಿ ಸಹಿ ಹಾಕಿದರು. "ಅವ್ಳಿಗೆ ಈಗ್ಲೇ ಹೇಳ್ಬೇಡ ಮಾರಾಯ್ತಿ, ಪಾಪ, ಹೆದರ್ತಾಳೆ. ಸೆಪ್ಟೆಂಬರ್ ಎರಡಕ್ಕೆ ನಾನೇ ಹೋಗಿ ನಿಂತ್ಕಳ್ತೆ" ಅಂದರು. ಆಯ್ತು ಸರ್ ಅಂದೆ. ಆದರೂ ಇವತ್ತು ಈ ಕಾಗದ ಬರೆಯುತ್ತಿದ್ದೇನೆ. ಇನ್ನು ಹದಿನಾಲ್ಕು ದಿನವಿದೆ, ಅಷ್ಟೂ ದಿನ ನೀನು ಕಾಯಬೇಕು ಅಂತ.

ಅವರಿಗೆ ಮಂಡಿ ನೋವು, ಬೆಂಚಿನಲ್ಲಿ ಕೂರಲಾಗುವುದಿಲ್ಲ. ನಿನ್ನ ತರಗತಿಯ ಹಿಂದೆ ಒಂದು ಕುರ್ಚಿ ಹಾಕಿಸಿಡು.

ಕಮಲಕ್ಕನ ಮಗಳು
ಸುಮಲತಾ